ಆರಡಿ ಎರೆಮಣ್ಣು

ಮುಶಿಗೇರಿ
6 ಫೆಬ್ರುವರಿ 2022

ದೇವಿಕಾ ಮೇಡಂ ಅವರಿಗೆ,

ಮುಶಿಗೇರಿಯ ಗೌರವ್ವ ಮಾಡುವ ನಮಸ್ಕಾರ. ಯಾವ ಗೌರವ್ವ ಎಂದು ತಲೆ ಕೆರೆದುಕೊಳ್ಳಬೇಡಿ. ಡಿಸೆಂಬರಿನಲ್ಲಿ ನೀವು ಮಣ್ಣು ನೋಡಲು ಬಂದು ನಮ್ಮ ಹೊಲದಲ್ಲಿ ಆಳಕ್ಕೆ ಕುಣಿ ಅಗೆಸಿದಾಗ ಬದುವಿನ ಮೇಲೆ ಕುಳಿತಿದ್ದೆನಲ್ಲ, ನಿಮಗೆ ಸಜ್ಜಿರೊಟ್ಟಿ, ಕಡ್ಲಿ ಪಲ್ಯ ತಂದುಕೊಟ್ಟೆನಲ್ಲ, ಆ ಕಿವುಡಿ. ಊರಲ್ಲಿ ಗೌರವ್ವರು ಮೂವರಿದ್ದರೂ ಕಿವುಡಿ ನಾನೊಬ್ಬಳೇ.

ಹತ್ತು ವರ್ಷದ ಹಿಂದೆ ಬಂದ ಜ್ವರ ಕಿವಿ ತೆಗೆದುಕೊಂಡು ಹೋಯಿತು. ಫೋನು ನನಗೆ ಕಲ್ಲಿನ ತುಂಡು. ಏಳನೆಯ ಇಯತ್ತೆ ಕಲಿತದ್ದು ಈಗ ಉಪಯೋಗಕ್ಕೆ ಬಂತು, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಮಹಾಲಿಂಗಪ್ಪ ಮಾತ್ರ ನನ್ನ ಕಡೆ ಮುಖ ತಿರುಗಿಸಿ ನಿಧಾನವಾಗಿ ತುಟಿ ಆಡಿಸುತ್ತಾರೆ, ನನಗೆ ಒಂದು ಮಾತೂ ತಪ್ಪುವುದಿಲ್ಲ. ಸಿಟ್ಟು ಬಂದಾಗಲೂ ಎದುರಿಗೆ ಬಂದು ನಿಂತೇ ಬೈಯುತ್ತಾರೆ. ಬೈಗುಳವನ್ನೂ ನನಗೆ ಮುಟ್ಟಿಸಬೇಕು ಎನ್ನುವಷ್ಟು ಒಳ್ಳೆಯ ಮನುಷ್ಯ.

ನಿಮ್ಮ ಮಣ್ಣಿನ ಚೀಟಿ ಅಂಚೆಯಲ್ಲಿ ಬಂತು. "ಆರು ಅಡಿಯವರೆಗೆ ಒಂದೇ ಬಗೆಯ ಎರೆಮಣ್ಣು" ಎಂದು ಅದರಲ್ಲಿ ಬರೆದಿದೆ. ಮನೆಯವರು ಗಜೇಂದ್ರಗಡಕ್ಕೆ ಹೋಗಿ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ, ದೇವರ ಜಗಲಿಯ ಪಕ್ಕ ಮೊಳೆ ಹೊಡೆದು ತೂಗುಹಾಕಿದ್ದಾರೆ. ನಮ್ಮ ಆರೆಕರೆ ಇಳಿಜಾರು. ಮಳೆ ನೀರು ನಿಲ್ಲದೆ ಹರಿದು ಹೋಗುತ್ತದೆ. ಸಮ ಮಾಡಿಸಬೇಕೆಂಬುದು ಅವರ ಹಳೆಯ ಆಸೆ. ಮಾವನವರು ಬದುಕಿರುವವರೆಗೂ "ಮ್ಯಾಲಿನ ಮಣ್ಣ ಕದಲಸಬ್ಯಾಡೋ" ಎನ್ನುತ್ತಿದ್ದರು. ಈಗ ಇವರು, "ಅಪ್ಪಗೇನ ಗೊತ್ತಿತ್ತು? ಓದಿದವರು ಆರ ಫೂಟ ಇಳದ ನೋಡ್ಯಾರ. ಮ್ಯಾಲಿಂದ ಒಂದೂವರಿ ಫೂಟ ಕೆತ್ತಿ ಕೆಳಗ ಹಾಕಿದ್ರ ಇನ್ನೂ ನಾಕೂವರಿ ಉಳೀತೈತಿ" ಎನ್ನುತ್ತಾರೆ.

ನಾನು ಕೇಳುವುದು ಇಷ್ಟೇ. ಒಂದು ಕುಣಿ ನೋಡಿ ಇಡೀ ಹೊಲದ ಮಾತು ಹೇಳಬಹುದೇ? ಉತ್ತರವನ್ನು ನನ್ನ ಹೆಸರಿಗೇ ಬರೆಯಿರಿ.

ಗೌರವ್ವ

*

ಕೋಲಾರ
21 ಫೆಬ್ರುವರಿ 2022

ಗೌರಕ್ಕನವರಿಗೆ,

ನಿಮ್ಮ ಕಾಗದ ನನ್ನ ಹಿಂದೆ ಊರೂರು ಅಲೆದು ಇಲ್ಲಿಗೆ ಬಂದು ಮುಟ್ಟಿತು. ಕಾಂಟ್ರ್ಯಾಕ್ಟ್ ಕೆಲಸ, ಜನವರಿಯಲ್ಲೇ ನನ್ನನ್ನು ಇಲ್ಲಿಗೆ ಹಾಕಿದರು. ಇಲ್ಲಿ ಎಲ್ಲಿ ಅಗೆದರೂ ಕೆಂಪು ಮಣ್ಣು. ನಾನು ಕೊಣ್ಣೂರಿನವಳು, ಮಲಪ್ರಭೆಯ ದಂಡೆಯ ಎರೆಯಲ್ಲಿ ಕಾಲು ಹೂತು ಬೆಳೆದವಳು. ಕಪ್ಪು ನೆಲ ನೋಡದೆ ಕಣ್ಣು ಹಸಿದಿದೆ. ನಿಮ್ಮ ಸಜ್ಜಿರೊಟ್ಟಿ ನೆನಪಿದೆ.

ನಿಮ್ಮ ಅನುಮಾನ ನನಗೆ ಅರ್ಥವಾಗುತ್ತದೆ. ಹೆಣ್ಣುಮಗಳು, ವಯಸ್ಸು ಇಪ್ಪತ್ತೊಂಬತ್ತು, ಇವಳ ಮಾತು ನಂಬಬಹುದೇ ಎಂದು ಬಹಳ ಕಡೆ ಕೇಳಿಸಿಕೊಂಡಿದ್ದೇನೆ. ಅಕ್ಕಾ, ನೆಲ ಪದರು ಪದರಾಗಿ ಇರುತ್ತದೆ. ಮೇಲಿನದು ಬೆಳೆಗೆ ಉಣಿಸುವ ಪದರು. ಕೆಳಗೆ ಹೋದಂತೆ ಜೀವ ಕಡಿಮೆ. ಎಲ್ಲೋ ಒಂದು ಕಡೆ ಸುಣ್ಣದ ಹರಳು, ಬೇರು ಇಳಿಯದ ಗಟ್ಟಿ ಗರಸು ಸಿಗುತ್ತದೆ. ಅದು ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ಹೊಲವನ್ನು ಕೆತ್ತಬಹುದೇ, ಏನು ಬಿತ್ತಬೇಕು, ನೀರು ಎಲ್ಲಿ ನಿಲ್ಲುತ್ತದೆ ಎಲ್ಲವೂ ನಿಂತಿದೆ. ನಿಮ್ಮ ಕುಣಿಯಲ್ಲಿ ಆರಡಿಗೂ ಗರಸು ಸಿಗಲಿಲ್ಲ. ಅಂಥ ಭೂಮಿ ಸಿಗುವುದು ಪುಣ್ಯ.

ಬರೀ ಒಂದು ಕುಣಿ ನೋಡಿ ಚೀಟಿ ಕೊಡುವುದಿಲ್ಲ. ಹೊಲದ ನಾಲ್ಕೂ ಮೂಲೆಯಲ್ಲಿ ಬೈರಿಗೆ ಇಳಿಸಿ ಕೆಳಗಿನ ಮಣ್ಣು ಎತ್ತಿ ನೋಡುತ್ತೇವೆ. ನಿಮ್ಮ ಹೊಲದಲ್ಲೂ ನೋಡಿದ್ದೇವೆ. ಒಂದೂವರೆ ಅಡಿ ತೆಗೆಸಲು ಅಡ್ಡಿಯಿಲ್ಲವೆಂದು ಯಜಮಾನರಿಗೆ ಹೇಳಿ.

ನಿಮ್ಮ ದೇವಿಕಾ

*

ಮುಶಿಗೇರಿ
18 ಮೇ 2022

ತಂಗಿ ದೇವಿಕಾ,

ಮೇಡಂ ಎನ್ನುವುದು ಬಿಟ್ಟೆ, ಬೇಜಾರಿಲ್ಲವಲ್ಲ? ನಿನ್ನ ಕಾಗದ ಬಂದ ದಿನ ನಾನು ಚೆನ್ನಾಗಿ ನಿದ್ದೆ ಮಾಡಿದೆ. ನಾಲ್ಕು ಮೂಲೆ ನೋಡಿದಿರಿ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ರೊಟ್ಟಿ ತರಲು ಮನೆಗೆ ಹೋದಾಗ ನೋಡಿರಬೇಕು. ನಿನ್ನ ಮೇಲೆ ಅನುಮಾನವಿರಲಿಲ್ಲ ಮಗಳೇ, ಆ ಮಾತು ಬಿಡು.

ಹೊಲ ಸಮವಾಯಿತು. ನಿಂಗರಾಜನ ಟ್ರ್ಯಾಕ್ಟರು ಐದು ದಿನ ಬ್ಲೇಡು ಎಳೆಯಿತು. ಮನೆಯವರು ಹೊಸ ಅಳಿಯನ ಹಾಗೆ ಬಿಳಿ ಅಂಗಿ ತೊಟ್ಟು, ಬದುವಿನ ಮೇಲೆ ನಿಂತು ಕೈ ಮಾಡಿ ತೋರಿಸಿದ್ದೇ ತೋರಿಸಿದ್ದು. ಇಳಿಜಾರಿನ ಮೇಲಿನ ತಲೆಯ ಮಣ್ಣು ಕೆಳಗೆ ಹೋಗಿ ಬಿತ್ತು. ಪಡುವಣದ ಮೂಲೆಯಲ್ಲಿ ಒಂದು ಚೂರು ಜಾಗ ಮಾತ್ರ ಬಿಡಿಸಿದ್ದಾರೆ. ಅಲ್ಲಿ ನಾವು ಯಾವತ್ತೂ ನೇಗಿಲು ಹೂಡುವುದಿಲ್ಲ.

ಒಂದು ಮಾತು. ಮೂರನೆಯ ದಿನ ಮೇಲಿನ ತಲೆಯಲ್ಲಿ ಮಣ್ಣಿನ ಬಣ್ಣ ತಿರುಗಿತು. ಕಪ್ಪು ಹೋಗಿ ಬೂದಿಬಿಳುಪು ಬಂತು, ನಡುನಡುವೆ ಬಿಳಿ ಹರಳು. ನಿಂಗರಾಜ ಟ್ರ್ಯಾಕ್ಟರು ನಿಲ್ಲಿಸಿ, "ಕಾಕಾ, ಇದು ಗರಸ ಅಲ್ಲೇನ?" ಎಂದು ಕೇಳಿದನಂತೆ. ಇವರು, "ಚೀಟಿ ಓದಾಕ ಬರಾಂಗಿಲ್ಲೇನ ನಿನಗ? ನಡಿ ನಡಿ" ಎಂದರಂತೆ. ಮಳೆ ಬಿದ್ದರೆ ಸರಿಹೋಗುತ್ತದೆ ಅಲ್ಲವೇ?

ಗೌರಕ್ಕ

*

ಕೋಲಾರ
2 ಜೂನ್ 2022

ಗೌರಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಲ್ಲಲ್ಲಿ ಸುಣ್ಣದ ಹರಳಿನ ಪಟ್ಟಿ ಇರುವುದುಂಟು, ಹೆದರಬೇಡಿ. ಮೇಲಿನ ತಲೆಗೆ ತಿಪ್ಪೆಗೊಬ್ಬರ ಜಾಸ್ತಿ ಹಾಕಿಸಿ. ಮುಂಗಾರಿಗೆ ಸೆಣಬು ಬಿತ್ತಿ, ಹೂ ಬಿಡುವ ಮುಂಚೆ ಮಣ್ಣಿಗೆ ಸೇರಿಸಿ ಹೊಡೆಯಿರಿ.

ನಾಲ್ಕು ಮೂಲೆಯಿಂದ ಒಂದೊಂದು ಹಿಡಿ ಮಣ್ಣು ಕಟ್ಟಿ ಕಳಿಸುತ್ತೀರಾ? ಸುಮ್ಮನೆ ನೋಡಲು ಅಷ್ಟೇ. ಹಾಗೆಯೇ, ನಾವು ಕುಣಿ ತೆಗೆದದ್ದು ಹೊಲದ ಯಾವ ಕಡೆಗಿತ್ತು, ನೆನಪು ಮಾಡಿ ಬರೆಯಿರಿ. ನನಗೆ ಊರೂರಿನ ಕುಣಿಗಳು ಒಂದರೊಳಗೊಂದು ಕಲೆಸಿಹೋಗಿವೆ.

ದೇವಿಕಾ

*

ಮುಶಿಗೇರಿ
26 ಡಿಸೆಂಬರ್ 2022

ತಂಗಿ ದೇವಿಕಾ,

ಆರು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಈಗಲೂ ಇಲ್ಲ.

ಮುಂಗಾರಿಗೆ ಬಿತ್ತಿದ ಸೆಣಬು ಮೇಲಿನ ತಲೆಯಲ್ಲಿ ಮೊಣಕಾಲೂ ಮುಟ್ಟಲಿಲ್ಲ. ಹಿಂಗಾರಿಗೆ ಕಡ್ಲಿ ಹಾಕಿದೆವು. ಗೇಣುದ್ದ ಎದ್ದು ಅರಿಸಿನ ಬಳಿದುಕೊಂಡು ನಿಂತಿದೆ. ಕೆಳಗಿನ ತಲೆಯಲ್ಲಿ ಸಡಿಲು ಮಣ್ಣು ಕುಸಿದು ತಗ್ಗಾಗಿ, ಅಕ್ಟೋಬರಿನ ಮಳೆ ನೀರು ಇಪ್ಪತ್ತು ದಿನ ನಿಂತು ಬೇರು ಕೊಳೆಯಿತು. ಮೇಲೆ ಒಣಗಿ ಸತ್ತಿತು, ಕೆಳಗೆ ನೆನೆದು ಸತ್ತಿತು. ಹಿಂದೆ ಇದೇ ಹೊಲದಲ್ಲಿ ಕಡ್ಲಿ ಮೊಣಕಾಲಿಗೆ ತೊಡರುತ್ತಿತ್ತು. ಮಳೆ ಚೆನ್ನಾಗಿಯೇ ಆಗಿತ್ತು ತಂಗಿ. ಸುತ್ತಲಿನ ಹೊಲಗಳು ಹಸಿರಾಗಿವೆ. ಮಳೆ ಹೋಗಿದ್ದರೆ ಮಳೆಯನ್ನಾದರೂ ಬೈಯಬಹುದಿತ್ತು.

ಮೊನ್ನೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಕಡುಬು, ಭರ್ತ, ಎಲ್ಲ ಮಾಡಿದ್ದೆ. ಭೂಮಿತಾಯಿಗೆ ಉಣಿಸುವ ದಿನವಲ್ಲವೇ? ಇವರು ಕೈಯಲ್ಲಿ ಅನ್ನ ಹಿಡಿದು ಆ ಬಿಳಿ ನೆಲದ ಮೇಲೆ ನಿಂತವರು ಚೆಲ್ಲಲೇ ಇಲ್ಲ. ನನ್ನ ಕಡೆ ಮುಖ ತಿರುಗಿಸಿ, "ಚರ್ಮ ಸುಲದ ಮ್ಯಾಲ ಉಣ್ಣ ಅಂತ ಹ್ಯಾಂಗ ಅನ್ಲಿ ಗೌರಿ?" ಎಂದರು. ನಿನ್ನನ್ನು ಒಂದು ಮಾತೂ ಬೈಯುವುದಿಲ್ಲ. "ಮೇಡಂ ನಾಕ ಮೂಲಿ ನೋಡ್ಯಾರ. ಬ್ಲೇಡ ನಾನ ಆಳಾ ಬಿಡಸೇನಿ. ನಂದ ತಪ್ಪ" ಎನ್ನುತ್ತಾರೆ. ಚೀಟಿ ಇನ್ನೂ ಜಗಲಿಯ ಪಕ್ಕದಲ್ಲೇ ಇದೆ.

ನೀನು ಕೇಳಿದ ಮಣ್ಣು ಇದರ ಜೊತೆ ಕಳಿಸಿದ್ದೇನೆ. ನಾಲ್ಕು ಚಿಂದಿಯಲ್ಲಿ ನಾಲ್ಕು ಗಂಟು. ಕುಣಿ ತೆಗೆದ ಜಾಗ ನನಗೂ ಸರಿಯಾಗಿ ನೆನಪಿಲ್ಲ.

ಗೌರಕ್ಕ

*

ಕೋಲಾರ
11 ಜನವರಿ 2023

ಗೌರಕ್ಕ,

ನಿಮ್ಮ ಗಂಟು ಬಿಚ್ಚಿದೆ. ಮೇಲಿನ ಎರಡು ಮೂಲೆಯ ಮಣ್ಣಿನ ಮೇಲೆ ಎರಡು ಹನಿ ಆಮ್ಲ ಬಿಟ್ಟೆ. ಸೋಡಾದಂತೆ ಬುಸುಗುಟ್ಟಿ ನೊರೆ ಎದ್ದಿತು. ಅದು ಪಟ್ಟಿಯಲ್ಲ. ಸುಣ್ಣ ತುಂಬಿದ ಗರಸು. ನಿಮ್ಮ ಮೇಲಿನ ತಲೆಯಲ್ಲಿ ಇದ್ದ ಎರೆಮಣ್ಣೇ ಒಂದೂವರೆ ಅಡಿ. ಅಷ್ಟನ್ನೂ ಕೆತ್ತಿಸಿಬಿಟ್ಟೆವು. ಕೆತ್ತಿಸಿಬಿಟ್ಟೆ.

ನಾನು ನಿಮಗೆ ಸುಳ್ಳು ಬರೆದಿದ್ದೆ ಅಕ್ಕಾ. ನಾಲ್ಕು ಮೂಲೆಯಲ್ಲಿ ಬೈರಿಗೆ ಇಳಿಸಲಿಲ್ಲ. ಅವತ್ತು ನಿಮ್ಮದು ಮೂರನೆಯ ಕುಣಿ. ಹೊತ್ತು ಇಳಿದಿತ್ತು, ಜೀಪಿನ ಡ್ರೈವರ ಹನಮಪ್ಪ "ಬರ್ರಿ ಬಾಯಾರ, ಕತ್ತಲಾತು" ಎಂದು ಹಾರ್ನು ಹೊಡೆಯುತ್ತಿದ್ದ. ಕುಣಿ ಎಷ್ಟು ಚಂದದ ಕಪ್ಪು ಎಂದರೆ, ಮೂಲೆಗಳೂ ಹೀಗೇ ಇರುತ್ತವೆ ಎಂದು ರೂಮಿನಲ್ಲಿ ಕುಳಿತು ಬರೆದುಬಿಟ್ಟೆ. ಹೊಲದವರೇ ತೋರಿಸಿದ ಜಾಗ, ತಮ್ಮ ನೆಲ ತಮಗೆ ಗೊತ್ತಿರುತ್ತದೆ ಎಂದುಕೊಂಡೆ. ನೀವು "ಒಂದು ಕುಣಿ ಸಾಕೇ" ಎಂದು ಬರೆದಾಗಲಾದರೂ ಹೇಳಬೇಕಿತ್ತು. ನನ್ನನ್ನು ಸಣ್ಣವಳೆಂದು ಕೇಳುತ್ತಿದ್ದೀರಿ ಎಂದು ಸೆಟೆದು ನಿಂತೆ.

ಇನ್ನೂ ಒಂದಿದೆ. ಅವತ್ತಿನ ನೋಟ್‌ಬುಕ್ ತೆಗೆದು ನೋಡಿದೆ. "ಐದಡಿಯಲ್ಲಿ ಕರಕಾದ ಹುಲ್ಲು, ಮಡಕೆ ಚೂರು" ಎಂದು ಬರೆದು ನಾನೇ ಗೀಟು ಎಳೆದಿದ್ದೇನೆ. ಎರೆಯಲ್ಲಿ ಬೇಸಿಗೆಗೆ ಬಿರುಕು ಬಿಡುತ್ತದೆ, ಏನೋ ಒಳಗೆ ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸುತ್ತಲೂ ಗರಸು, ಅಲ್ಲಿ ಮಾತ್ರ ಆರಡಿ ಎರೆ ಹೇಗೆ ಬಂತು? ಅಲ್ಲಿ ಏನಿತ್ತು ಅಕ್ಕಾ?

ಯಜಮಾನರು ತಮ್ಮದೇ ತಪ್ಪು ಎನ್ನುತ್ತಿದ್ದಾರೆಂದು ಓದಿ ನನಗೆ ಊಟ ಸೇರುತ್ತಿಲ್ಲ. ಅವರಿಗೆ ಈ ಕಾಗದ ತೋರಿಸಿರಿ.

ದೇವಿಕಾ

*

ಮುಶಿಗೇರಿ
30 ಮಾರ್ಚ್ 2023

ದೇವಿಕಾ,

ನಿನ್ನ ಕಾಗದ ಅವರಿಗೆ ತೋರಿಸಲಿಲ್ಲ. ಯಾಕೆ ಎಂದು ಬರೆಯಲು ಎರಡೂವರೆ ತಿಂಗಳು ಬೇಕಾಯಿತು.

ಅಲ್ಲಿ ಹಗೇವು ಇತ್ತು. ನೀನು ಸಣ್ಣವಳು, ನೋಡಿರಲಿಕ್ಕಿಲ್ಲ. ಜೋಳ ಕೂಡಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬರು ಇಳಿಯುವಷ್ಟು ಸಣ್ಣದು, ಒಳಗೆ ಒಂದು ಖೋಲಿಯಷ್ಟು ಅಗಲ. ಸುತ್ತಲೂ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚುತ್ತಿದ್ದರು. ನಮ್ಮ ಪಡುವಣ ಮೂಲೆಯಲ್ಲಿ ಆಗ ಕಣ ಇತ್ತು. ಅದರ ಪಕ್ಕದಲ್ಲೇ ಮಾವನವರ ಅಪ್ಪ ಅಗೆಸಿದ ಹಗೇವು. ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಚಪ್ಪಡಿ ತೆಗೆದ ಮೇಲೆ ಬಹಳ ಹೊತ್ತು ಬಿಡಬೇಕು. ಆಮೇಲೆ ಹಗ್ಗ ಕಟ್ಟಿ ಕಂದೀಲು ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಇದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು.

1993ರಲ್ಲಿ ನನಗೆ ಹತ್ತೊಂಬತ್ತು, ಮದುವೆಯಾಗಿ ಒಂದು ವರ್ಷ. ನನ್ನ ನಾದಿನಿ ಹುಚ್ಚವ್ವನಿಗೆ ಹದಿನಾರು. ಮರುದಿನ ಅವಳನ್ನು ನೋಡಲು ರೋಣದಿಂದ ಗಂಡಿನ ಕಡೆಯವರು ಬರುವವರಿದ್ದರು. ಹೊಸ ಜೋಳ ಬೀಸಿ ರೊಟ್ಟಿ ಮಾಡಬೇಕು, ತಗೊಂಡು ಬರ್ರಿ ಎಂದು ಅತ್ತೆ ನಮ್ಮಿಬ್ಬರನ್ನು ಕಳಿಸಿದರು. ಅಲ್ಲಿ ಹೋದ ಮೇಲೆ ನೋಡಿದರೆ ಕಂದೀಲು ತಂದಿರಲಿಲ್ಲ. ಅವಳು, "ವೈನಿ, ಮನಿಗೆ ಹೋಗಿ ತರ್ಲೇನು?" ಎಂದಳು. ನಾನು ಅಂದೆ, "ದೀಪ ಬ್ಯಾಡ ಬಿಡ, ಲಗೂ ಇಳಿ." ನಗುತ್ತಾ ಇಳಿದಳು. ಕೆಳಗೆ ಕುಳಿತವಳು ಮತ್ತೆ ಏಳಲಿಲ್ಲ.

ಎಲ್ಲರ ಮುಂದೆ ನಾನು ಹೇಳಿದ್ದು ಬೇರೆ. ಬೇಡ ಬೇಡ ಎಂದರೂ ಕೇಳದೆ ಇಳಿದಳು ಎಂದೆ. ಮಾವನವರು ಹಳ್ಳದ ದಂಡೆಯಿಂದ ಬಂಡಿಗಟ್ಟಲೆ ಎರೆಮಣ್ಣು ತಂದು ಹಗೇವು ತುಂಬಿಸಿಬಿಟ್ಟರು. ಆಮೇಲೆ ಆ ಜಾಗಕ್ಕೆ ನಮ್ಮ ಮನೆಯವರು ಕಾಲಿಟ್ಟಿಲ್ಲ. "ಗೌರಿ ಮಾತ ಕೇಳಿದ್ರ ನಮ್ಮ ಹುಚ್ಚಿ ಬದಕ್ತಿದ್ಲು" ಎಂದು ಪ್ರತಿ ವರ್ಷ ಅವಳ ತಿಥಿಗೆ ಅನ್ನುತ್ತಾರೆ. ನನ್ನ ಮುಖ ನೋಡುತ್ತಲೇ ಅನ್ನುತ್ತಾರೆ, ನನಗೆ ತಿಳಿಯಲಿ ಎಂದು.

ನೀನು ಎಲ್ಲಿ ಅಗೆಯಲಿ ಎಂದು ಕೈಸನ್ನೆ ಮಾಡಿ ಕೇಳಿದಾಗ ಹೊಲದ ತುಂಬ ಕಡ್ಲಿ ಹೂಬಿಟ್ಟಿತ್ತು. ಬೆಳೆ ಇಲ್ಲದ ಜಾಗ ಅದೊಂದೇ ಎಂದು ಅದನ್ನೇ ಬೆರಳು ಮಾಡಿ ತೋರಿಸಿದೆ. ಅದು ನೆಪ. ಖರೇ ಹೇಳಬೇಕೆಂದರೆ ಆ ಬಾಯಿ ಒಮ್ಮೆ ತೆರೆಯಲಿ ಎಂದು ನನಗೆ ಬಹಳ ಅನಿಸಿತ್ತು. ಅವತ್ತು ಮನೆಯವರು ಗಜೇಂದ್ರಗಡಕ್ಕೆ ಹೋಗಿದ್ದರು. ನೀವು ಕುಣಿ ಮುಚ್ಚಿಸಿ ಹೋದ ಮೇಲೆ ನಾನು ಬೇವಿನ ಗಿಡದ ಬುಡದಲ್ಲಿ ಸಲಿಕೆಯಿಂದ ಕೆದರಿ, ಕುಣಿ ತೆಗೆದದ್ದು ಇಲ್ಲೇ ಎಂದು ಅವರಿಗೆ ತೋರಿಸಿದೆ. ಚೀಟಿ ಬಂದಾಗ ಹೆದರಿ ನಿನಗೆ ಬರೆದೆ. ನೀನು ನಾಲ್ಕು ಮೂಲೆ ನೋಡಿದ್ದೇವೆ ಎಂದೆ. ಹಾಗಾದರೆ ನನ್ನ ಸುಳ್ಳಿನಿಂದ ಹೊಲಕ್ಕೇನೂ ಆಗುವುದಿಲ್ಲ ಎಂದು ಸುಮ್ಮನಾದೆ.

ನೀನು ನನ್ನ ಬೆರಳನ್ನು ನಂಬಿದೆ, ನಾನು ನಿನ್ನ ಬೈರಿಗೆಯನ್ನು ನಂಬಿದೆ. ನಮ್ಮಿಬ್ಬರನ್ನೂ ಅವರು ನಂಬಿದರು.

ಗೌರವ್ವ

*

ಕೋಲಾರ
16 ಏಪ್ರಿಲ್ 2023

ಗೌರಕ್ಕ,

ನಿಮ್ಮ ಕಾಗದ ನಾಲ್ಕು ಸಲ ಓದಿದೆ. ಹುಚ್ಚವ್ವನ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ಹೆದರಿ ಆಡಿದ ಮಾತು ಎಂದು ನಾನು ಹೇಳಬಲ್ಲೆ. ಆದರೆ ಕ್ಷಮಿಸುವ ಹಕ್ಕು ನನ್ನದಲ್ಲ.

ಒಂದನ್ನು ಹೇಳದೆ ಇರಲಾರೆ, ಮನಸ್ಸು ಕಲ್ಲು ಮಾಡಿಕೊಂಡು ಓದಿರಿ. ಹಗೇವನ್ನು ಆಳದ ಎರೆಯಲ್ಲಿ ಯಾರೂ ಅಗೆಯುವುದಿಲ್ಲ. ಎರೆ ತೇವ ಹಿಡಿಯುತ್ತದೆ, ಬಿರಿಯುತ್ತದೆ, ಜೋಳ ಮುಗ್ಗುತ್ತದೆ. ಹಗೇವಿಗೆ ಒಣಗಿದ ಗಟ್ಟಿ ಗರಸೇ ಬೇಕು. ನಿಮ್ಮ ಹಿರಿಯರು ಅಲ್ಲಿ ಅಗೆಸಿದ್ದೇ ಆ ನೆಲದಲ್ಲಿ ಎರೆ ತೆಳುವಾಗಿದೆ ಎಂಬ ಕಾರಣಕ್ಕೆ. ಅವತ್ತು "ಇಲ್ಲಿ ಹಗೇವ ಇತ್ರಿ" ಎಂಬ ಒಂದು ಮಾತು ನಿಮ್ಮ ಬಾಯಿಂದ ಬಂದಿದ್ದರೆ, ನಾನು ಎಷ್ಟೇ ಸೋಮಾರಿಯಾಗಿದ್ದರೂ ಆ ಚೀಟಿ ಬರೆಯುತ್ತಿರಲಿಲ್ಲ. ನಾನು ಒಂದೇ ಒಂದು ಮೂಲೆಯಲ್ಲಿ ಬೈರಿಗೆ ಇಳಿಸಿದ್ದರೂ ನಿಮ್ಮ ಮಾತೇ ಬೇಕಾಗಿರಲಿಲ್ಲ.

ಆ ಎರೆ ಬೆರಳಿನಷ್ಟು ದಪ್ಪ ಆಗಲು ನೂರಾರು ವರ್ಷ ಬೇಕು. ಕೆಳಗಿನ ತಲೆಯಿಂದ ತಿರುಗಿ ತರಿಸೋಣವೆಂದರೆ ಅದರ ಮೇಲೆ ಗರಸು ಬಿದ್ದು ಕಲೆತುಹೋಗಿದೆ. ನನ್ನ ಪುಸ್ತಕಗಳಲ್ಲೆಲ್ಲ ಹುಡುಕಿದೆ ಅಕ್ಕಾ. ಕೆರೆಯ ಗೋಡುಮಣ್ಣು ಹಾಕಿ, ಗೊಬ್ಬರ ಹಾಕಿ ಎಂದಿದೆ. ಆರೆಕರೆಗೆ ಎಷ್ಟು ಗೋಡು, ಎಲ್ಲಿಂದ ತರುವುದು? ನಿಮ್ಮ ಕಾಲಕ್ಕೂ ನನ್ನ ಕಾಲಕ್ಕೂ ಆ ಹೊಲ ಮೊದಲಿನಂತಾಗುವುದಿಲ್ಲ.

ಚೀಟಿ ರದ್ದು ಮಾಡಿ, ತಪ್ಪು ನನ್ನದು ಎಂದು ಮೇಲಿನವರಿಗೆ ಬರೆದುಕೊಟ್ಟಿದ್ದೇನೆ. ಕೆಲಸ ಹೋಗುತ್ತದೆ, ಹೋಗಲಿ. ಜೂನಿನಲ್ಲಿ ಕೊಣ್ಣೂರಿಗೆ ಬರುತ್ತೇನೆ. ಅಲ್ಲಿಂದ ಮುಶಿಗೇರಿಗೆ ಬಂದು ಯಜಮಾನರ ಕಾಲು ಹಿಡಿದು, ಎಲ್ಲ ನನ್ನ ತಪ್ಪು ಎನ್ನುತ್ತೇನೆ. ನಿಮ್ಮ ಮಾತು ಹೊರಗೆ ಬರುವುದು ಬೇಡ. ಕುಣಿ ಬೇವಿನ ಗಿಡದ ಬುಡದಲ್ಲೇ ಇತ್ತು ಎಂದು ನಾನೂ ಹೇಳುತ್ತೇನೆ.

ದೇವಿಕಾ

*

ಮುಶಿಗೇರಿ
5 ಜೂನ್ 2023

ದೇವಿಕಾ ಮೇಡಂ ಅವರಿಗೆ,

ಬರಬೇಡಿ. ಇನ್ನೊಂದು ಸುಳ್ಳನ್ನು ನನ್ನ ಹೊಲ ತಾಳುವುದಿಲ್ಲ.

ಎರಡು ವಾರದ ಹಿಂದೆ ಮನೆಯವರು ಸಲಿಕೆ, ಬುಟ್ಟಿ ತೆಗೆದುಕೊಂಡು ಪಡುವಣದ ಮೂಲೆಗೆ ಹೋದರು. ಮೂವತ್ತು ವರ್ಷ ಕಾಲಿಡದವರು. ನನ್ನ ಕಡೆ ತಿರುಗಿ, "ಹಗೇವಿನ್ಯಾಗ ಅಪ್ಪ ಹಾಕಿಸಿದ್ದ ಎರಿ ಐತೆಲ್ಲ. ಹೊಲದಾಗ ಚಲೋ ಮಣ್ಣ ಅಂತ ಉಳದದ್ದು ಅದೊಂದ. ಹುಚ್ಚಿ ಬ್ಯಾಡ ಅನ್ನೂದಿಲ್ಲ" ಎಂದರು. ಅಗೆಯಲು ಶುರು ಮಾಡಿದರು. ನಾನು ಬುಟ್ಟಿ ಹೊತ್ತು ಮೇಲಿನ ತಲೆಗೆ ಚೆಲ್ಲಿದೆ. ನಾಲ್ಕು ದಿನ ಹೀಗೇ ನಡೆಯಿತು.

ನಾಲ್ಕನೆಯ ದಿನ ಅವರ ತಲೆ ನೆಲದ ಮಟ್ಟಕ್ಕಿಂತ ಕೆಳಗೆ ಹೋಯಿತು. ನನಗೆ ಏನಾಯಿತೋ, ಮನೆಗೆ ಓಡಿ ಕಂದೀಲು ಹಚ್ಚಿಕೊಂಡು ಬಂದೆ. ಹಗ್ಗ ಕಟ್ಟಿ ಇಳಿಸಿದೆ. ಮೇಲೆ ಬಾಯ್ತೆರೆದ ಕುಣಿ, ನೆತ್ತಿಯ ಮೇಲೆ ಸೂರ್ಯ. ಅವರು ತಲೆ ಎತ್ತಿ ನಕ್ಕರು. "ಹಗಲಿನ್ಯಾಗ ದೀಪ ಯಾಕ, ಹುಚ್ಚಿ?" ಎಂದರು. ತಂಗಿಯ ಹೆಸರಿನಿಂದ ನನ್ನನ್ನು ಎಂದೂ ಕರೆದವರಲ್ಲ. ತಡೆಯಲಾಗಲಿಲ್ಲ. ಅಂದುಬಿಟ್ಟೆ. "ಅವತ್ತ ದೀಪ ಬ್ಯಾಡ ಅಂದಾಕಿ ನಾನ. ಆಕಿ ತರ್ತೀನಿ ಅಂದಿದ್ಲು." ಕುಣಿ ತೆಗೆಸಿದ್ದು, ಬೇವಿನ ಗಿಡದ ಬುಡ ಕೆದರಿದ್ದು, ನೀವು ಬರೆದದ್ದು, ನಾನು ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. ನನ್ನ ದನಿ ಎಷ್ಟು ದೊಡ್ಡದಿತ್ತೋ ನನಗೆ ಗೊತ್ತಿಲ್ಲ. ಪಕ್ಕದ ಹೊಲದ ಕರೆಪ್ಪ ಎದ್ದು ನಿಂತು ನೋಡುತ್ತಿದ್ದ.

ಅವರು ಸಲಿಕೆ ನಿಲ್ಲಿಸಿದರು. ನನಗೆ ಬೆನ್ನು ಮಾಡಿ, ಹುಲ್ಲು ಕರಕಾಗಿ ಅಂಟಿದ್ದ ಹಗೇವಿನ ಗೋಡೆಯ ಮೇಲೆ ಕೈ ಇಟ್ಟು ಏನೋ ಅಂದರು. ಬಹಳ ಹೊತ್ತು ಅಂದರು. ಬೆನ್ನು ಅಲುಗುವುದು ಕಾಣುತ್ತಿತ್ತು. ಬೈದರೋ, ಅತ್ತರೋ, ಹೋಗಲಿ ಬಿಡು ಎಂದರೋ ನನಗೆ ತಿಳಿಯಲಿಲ್ಲ. ಮತ್ತೊಮ್ಮೆ ಹೇಳ್ರಿ ಎನ್ನುವ ಬಾಯಿ ನನಗಿರಲಿಲ್ಲ. ಆಮೇಲೆ ಅಗೆಯುವುದನ್ನು ಮುಂದುವರಿಸಿದರು.

ಹಗೇವಿನ ಮಣ್ಣು ಪೂರ್ತಿ ಚೆಲ್ಲಿಯಾಯಿತು. ಆರೆಕರೆಯಲ್ಲಿ ನಮ್ಮ ಅಂಗಳದಷ್ಟು ಜಾಗ ಕಪ್ಪಾಗಿದೆ. ಜಗಲಿಯ ಪಕ್ಕದ ಚೀಟಿಯನ್ನು ಅವರೇ ತೆಗೆದರು, ಮೊಳೆ ಹಾಗೇ ಇದೆ. ಮೊದಲ ಮಳೆಗೆ ಅಷ್ಟೇ ಜಾಗದಲ್ಲಿ ಹೆಸರು ಬಿತ್ತಿದ್ದಾರೆ. ದಿನಾ ಹೊಲಕ್ಕೆ ಜೊತೆಗೇ ಹೋಗುತ್ತೇವೆ, ಜೊತೆಗೇ ಉಣ್ಣುತ್ತೇವೆ. ಅವರು ಮಾತು ಬಿಟ್ಟಿಲ್ಲ, ತುಟಿಯ ಅಂಚು ಆಡುವುದು ಪಕ್ಕದಿಂದ ಕಾಣುತ್ತದೆ. ಆದರೆ ಅವತ್ತಿನಿಂದ ಮಾತಾಡುವಾಗ ನನ್ನ ಕಡೆ ಮುಖ ತಿರುಗಿಸುವುದಿಲ್ಲ.

ಗೌರವ್ವ